ರೇಡಿಯೋ ಮಾಮನ ವೈಫೈ

ಸಂಜೆ ಟೀ ಹೊತ್ತಿಗೆ ಬೇಕರಿಯ ಮೂಲೆ ಮೇಜು ಅವಳದೇ. ಎದುರಿನ ಟೈಲರಿಂಗ್ ಅಂಗಡಿಯಲ್ಲಿ ದಿನವಿಡೀ ಪ್ಯಾಂಟಿನ ಅಂಚು ಮಡಚಿ ಹೊಲಿದು, ಬ್ಯಾಗುಗಳ ಕೆಟ್ಟ ಜಿಪ್ ಬದಲಾಯಿಸಿ, ಒಂದು ಟೀ ಒಂದು ಬನ್ನಿಗೆಂದು ಬಂದು ಬ್ರೆಡ್ ರ‍್ಯಾಕಿನ ಮರೆಯಲ್ಲಿ ಕೂರುತ್ತಿದ್ದಳು. ಬೀದಿಯವರು ಅವಳನ್ನು ಜಿಪ್ಪಮ್ಮ ಎನ್ನುತ್ತಿದ್ದರು. ಕೆಲಸಕ್ಕೂ ಸರಿ, ಮಾತಿಗೂ ಸರಿ. ಕೇಳಿದ್ದಕ್ಕೆ ಉತ್ತರ ಕೊಟ್ಟು ಬಾಯಿ ಮುಚ್ಚುವ ಹೆಂಗಸು.

ಟೀಗಿಂತ ಹೆಚ್ಚಾಗಿ ಅವಳಿಗೆ ಬೇಕಾಗಿದ್ದು ಬೇಕರಿಯ ಪುಕ್ಕಟೆ ವೈಫೈ. ಗಂಡ ಅವಳ ಫೋನಿಗೆ ಮಾತಾಡುವಷ್ಟೇ ರೀಚಾರ್ಜ್ ಮಾಡಿಸುತ್ತಿದ್ದ. ನೆಟ್ ಯಾತಕ್ಕೆ, ಯಾರಿಗೆ ಏನು ಕಳಿಸಬೇಕು ಎನ್ನುತ್ತಿದ್ದ. ಫೋನೂ ಅವನು ಬಳಸಿ ಬಿಟ್ಟದ್ದೇ. ದಿನಾ ಅದನ್ನು ತೆಗೆದು ನೋಡುತ್ತಿದ್ದನಾದ್ದರಿಂದ ಅವಳು ಎಲ್ಲವನ್ನೂ ಅಳಿಸಿಯೇ ಮನೆಗೆ ಹೋಗುತ್ತಿದ್ದಳು. ಲಿಫ್ಟ್ ರಿಪೇರಿ ಮಾಡುವ ಅವನು ಬೀದಿಗೆಲ್ಲ ಬೇಕಾದವನು, ಯಾರು ಕರೆದರೂ ಓಡಿ ಬರುವವನು. ಊರಿಗೆ ಉಪಕಾರಿ, ಮನೆಗೆ ಮಾರಿ. ಬಿಸಿಲಲ್ಲೂ ಅವಳು ಉದ್ದ ತೋಳಿನ ಬಟ್ಟೆಯನ್ನೇ ಯಾಕೆ ಹಾಕುತ್ತಾಳೆಂದು ಯಾರೂ ಕೇಳಿರಲಿಲ್ಲ.

ಒಂದು ವಾರದಿಂದ ಅವಳು ನೋಡುತ್ತಿದ್ದದ್ದು ನೊಂದ ಹೆಂಗಸರ ಆಶ್ರಯಮನೆಯೊಂದರ ಪುಟವನ್ನು. ಯಾವ ಊರು, ಯಾವ ಬೀದಿ ಎಂದು ಅದರಲ್ಲಿ ಇರಲಿಲ್ಲ. ಬರೆದರೆ ಉತ್ತರ ಬರುತ್ತಿತ್ತು. ಇವತ್ತು ಬಂದ ಉತ್ತರ ಇಷ್ಟೇ: ನಾಳೆ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಬನ್ನಿ, ಬಸ್ ನಿಲ್ದಾಣದಲ್ಲಿ ನಮ್ಮವರು ಇರುತ್ತಾರೆ. ಅದನ್ನು ಮೂರು ಸಲ ಓದಿ ಅಳಿಸಿದಳು. ಇನ್ನೊಂದು ರಾತ್ರಿ ಕಳೆದರೆ ಸಾಕು.

ಕೌಂಟರಿನ ಕಡೆಯಿಂದ ಯಜಮಾನನ ದನಿ ಕೇಳಿತು. ಅವನಿಗೆ ಎಲ್ಲರೂ ರೇಡಿಯೋ ಮಾಮ ಎನ್ನುತ್ತಿದ್ದರು. ಹೊಟ್ಟೆ ಅಷ್ಟು ದೊಡ್ಡದಾದರೂ ಅದರಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ರ‍್ಯಾಕಿನ ಹಿಂದೆ ಅವಳು ಕೂತಿರುವುದನ್ನು ಮರೆತು ಬಸ್ ಕಂಡಕ್ಟರನೊಬ್ಬನಿಗೆ ತನ್ನ ಫೋನು ತೋರಿಸುತ್ತಿದ್ದ.

"ಇಲ್ಲಿ ಕೂತೋರು ಏನೇನು ನೋಡ್ತಾರೆ ಅಂತ ನನಗೆ ಇದರಲ್ಲಿ ಬರುತ್ತೆ ಕಣಯ್ಯ."

"ಅದು ಹೇಗೆ ಮಾಮ?"

"ಫೋನಿಗೆ ದಾರಿ ಎಲ್ಲಿ ಗೊತ್ತಿರುತ್ತೆ? ಯಾವ ಸೈಟಿಗೆ ಹೋಗಬೇಕಾದ್ರೂ ಮೊದಲು ನನ್ನ ವೈಫೈ ಪೆಟ್ಟಿಗೆ ಹತ್ರ ಕೇಳುತ್ತೆ, ಇಂಥವರ ಮನೆ ಎಲ್ಲಿ ಅಂತ. ಅದಕ್ಕೇ ಡಿಎನ್ಎಸ್ ಅನ್ನೋದು. ದಾರಿ ಕೇಳಿದ ಮೇಲೆ ಎಲ್ಲಿಗೆ ಹೋಗ್ತಿದಾರೆ ಅಂತ ಗೊತ್ತಾಗದೆ ಇರುತ್ತಾ? ಕೆಲವರು ಮಾತ್ರ ಫೋನಲ್ಲಿ ಪ್ರೈವೇಟ್ ಡಿಎನ್ಎಸ್ ಹಾಕ್ಕೊಂಡಿರ್ತಾರೆ. ನನ್ನ ಕೇಳದೆ ಇನ್ಯಾರದೋ ಕಿವಿಯಲ್ಲಿ ಕೇಳ್ಕೊಂಡು ಹೋಗ್ತಾರೆ. ಏನೋ ಮುಚ್ಚಿಡೋ ಕಳ್ಳರು."

"ನಂದೂ ನೋಡಿದೀರಾ?"

"ನಿಂದೇನಿದೆ, ಬರೀ ಕೂದಲು ಬೆಳೆಸೋ ಎಣ್ಣೆ."

ಕಂಡಕ್ಟರ್ ಟೋಪಿ ಸರಿಮಾಡಿಕೊಂಡ. ಮಾಮನಿಗೆ ಇನ್ನಷ್ಟು ಹುರುಪು ಬಂತು. "ಮಜಾ ಅಂದ್ರೆ ನಮ್ಮ ಲಿಫ್ಟ್ ಕಿಂಗ್‌ದು. ವಾರದಿಂದ ಅದ್ಯಾವುದೋ ನೊಂದ ಹೆಂಗಸರ ಆಶ್ರಯಮನೆ ನೋಡ್ತಿದಾನೆ. ಹೆಂಡತಿ ಹೊಡೆದು ಓಡಿಸ್ತಿದಾಳೋ ಏನೋ. ಈಗ ತಾನೇ ಫೋನ್ ಮಾಡಿದ್ದೆ. ನಮ್ಮ ವೈಫೈಯಲ್ಲಿ ಏನೇನೋ ಹುಡುಕ್ತೀಯಂತೆ, ಬಾ, ವಿಚಾರಿಸ್ಕೋತೀನಿ ಅಂದೆ. ಬರ್ತಿದಾನೆ."

ಅವಳು ಟೀ ಲೋಟ ಕೆಳಗಿಟ್ಟಳು. ಲಿಫ್ಟ್ ಕಿಂಗ್. ಗಂಡ ತನ್ನ ಫೋನಿಗೆ ತಾನೇ ಇಟ್ಟುಕೊಂಡಿದ್ದ, ವೈಫೈಗೆ ಸೇರಿದಾಗ ಕಾಣುವ ಹೆಸರು. ಫೋನು ಅವಳ ಕೈಗೆ ಬಂದಿತ್ತು, ಹೆಸರು ಹಾಗೇ ಉಳಿದಿತ್ತು. ತಾನು ಅಳಿಸುತ್ತಾ ಬಂದದ್ದು ತನ್ನ ಕಡೆಯದನ್ನು ಮಾತ್ರ ಎಂದು ಅವಳಿಗೆ ಈಗ ಹೊಳೆಯಿತು. ಓಡಿಹೋಗೋಣವೆಂದರೆ ಮಗಳು ಇನ್ನೂ ಟ್ಯೂಷನ್ನಿನಲ್ಲಿ. ಮಗಳನ್ನು ಬಿಟ್ಟು ಓಡುವುದೆಂದರೆ ಓಡದಿದ್ದಂತೆಯೇ.

ಕಂಡಕ್ಟರ್ ಹೋದ ಮೇಲೆ ಅವಳು ಕೌಂಟರಿನ ಮುಂದೆ ಬಂದು ನಿಂತಳು.

"ಮಾಮ, ಅದು ಅವರ ಫೋನಲ್ಲ. ನಂದು."

ಅವನು ನಕ್ಕ. ಅವಳ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. "ಏನಮ್ಮ ಹಾಗಂದ್ರೆ? ಅವನಾ? ನನ್ನ ಓವನ್ ಕೆಟ್ಟಾಗ ಊಟ ಬಿಟ್ಟು ಕೂತು ಸರಿಮಾಡಿಕೊಟ್ಟ ಕಣೆ. ಚಿನ್ನದಂಥ ಮನುಷ್ಯ. ಗಂಡ ಹೆಂಡತಿ ಮಧ್ಯ ಒಂದು ಮಾತು ಬರುತ್ತೆ ಹೋಗುತ್ತೆ."

ಅವಳು ಬಟ್ಟೆಯ ತೋಳು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಹಾಗೇ ಅಚ್ಚಾಗಿತ್ತು.

"ಅಂಗಿಯ ಕಾಲರಿನಲ್ಲಿ ಸುಕ್ಕು ಉಳಿದಿತ್ತು," ಎಂದಳು. "ಈಗ ಮಗಳ ಮೇಲೂ ಕೈ ಎತ್ತುತ್ತಾರೆ. ನಾಳೆ ಬೆಳಿಗ್ಗೆ ನಾವು ಹೋಗಬೇಕು. ಇವತ್ತು ಅವರಿಗೆ ಗೊತ್ತಾದ್ರೆ ನಾನು ಹೋಗಲ್ಲ ಮಾಮ. ನನ್ನನ್ನ ಹೊತ್ತುಕೊಂಡು ಹೋಗ್ತಾರೆ."

ಮಾಮ ಕೈಯಲ್ಲಿದ್ದ ಬ್ರೆಡ್ ಚಾಕು ಕೆಳಗಿಟ್ಟ. "ನಾನು ಕೆಟ್ಟದ್ದಕ್ಕೆ ನೋಡಿದ್ದಲ್ಲ ಕಣಮ್ಮ. ನನ್ನ ಅಂಗಡಿ, ನನ್ನ ನೆಟ್ಟು. ಯಾರ ಗಂಟು ಹೋಯ್ತು ಅಂದ್ಕೊಂಡಿದ್ದೆ. ನಾಲ್ಕು ಜನ ನಗಲಿ ಅಂತ."

"ನನಗೆ ದಾರಿ ಕೇಳೋಕೆ ಬೇರೆ ಯಾರೂ ಇರಲಿಲ್ಲ ಮಾಮ."

ಅವನು ತನ್ನ ಫೋನ್ ತೆಗೆದು ದಪ್ಪ ಬೆರಳಿನಿಂದ ಏನೇನೋ ಒತ್ತತೊಡಗಿದ. ಹೊರಗೆ ಸ್ಕೂಟರ್ ಬಂದು ನಿಂತ ಸದ್ದಾಯಿತು. ಆ ಸದ್ದು ಅವಳಿಗೆ ನಿದ್ದೆಯಲ್ಲೂ ಗೊತ್ತು. ತೋಳು ಕೆಳಕ್ಕೆಳೆದುಕೊಂಡಳು.

ಗಂಡ ನಗುತ್ತಲೇ ಒಳಗೆ ಬಂದ. "ಏನ್ ಮಾಮ, ನಾನು ನಿಮ್ಮ ವೈಫೈ ಮುಟ್ಟಿ ವರ್ಷವಾಯ್ತು. ನಾನೇನು ಹುಡುಕಿದೆ?" ಆಮೇಲೆ ಅವಳನ್ನು ನೋಡಿದ. ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. "ನನ್ನ ಹಳೇ ಫೋನು ಇವಳ ಹತ್ರ ಇದೆಯಲ್ಲ."

ಅವಳು ಕೈಯಲ್ಲಿದ್ದ ಫೋನನ್ನು ಬಿಗಿಯಾಗಿ ಹಿಡಿದುಕೊಂಡಳು.

ಮಾಮ ಹಣೆ ಚಚ್ಚಿಕೊಂಡ. "ಹೋಯ್ತು, ಗುಟ್ಟೆಲ್ಲ ನೀರುಪಾಲು. ನಿನ್ನ ಹೆಂಡತಿ ಮೇಲಿನ ಬೀದಿ ಬೇಕರಿಯ ಕೇಕ್ ನೋಡ್ತಿದಾಳೆ ಕಣಪ್ಪ. ನಿನ್ನ ಹೆಸರಲ್ಲಿ ಬಂತು, ನೀನೇ ಅಂದ್ಕೊಂಡು ಹೊಟ್ಟೆ ಉರ್ಕೊಂಡೆ. ನನ್ನ ಅಂಗಡಿಯಲ್ಲಿ ಕೂತು ಬೇರೆಯವರ ಕೇಕಾ ಅಂತ."

"ಕೇಕ್ ಯಾರಿಗೆ?"

"ನನ್ನ ಕೇಳ್ತೀಯಾ? ನಿನ್ನ ಹುಟ್ಟುಹಬ್ಬ ಯಾವಾಗ?"

"ಮುಂದಿನ ತಿಂಗಳು."

"ಮತ್ತೆ?"

ಗಂಡ ಕೌಂಟರಿನತ್ತ ಬಾಗಿದ. "ಎಲ್ಲಿ, ತೋರಿಸಿ ನೋಡೋಣ."

"ಏನು ತೋರಿಸ್ಲಿ, ಅಳಿಸಿಬಿಟ್ಟೆ. ಇನ್ನು ಮೇಲೆ ಬರದ ಹಾಗೂ ಮಾಡಿದೆ. ಈ ತಾಯಿ ಬಂದು, ಮಾಮ ಇದು ಸರೀನಾ ಅಂದಳು. ಬೇರೆಯವರ ಮನೆ ಕಿಟಕಿ ಇಣುಕೋ ಕೆಲಸ ಅದು. ನನಗೇ ಅಸಹ್ಯವಾಯ್ತು." ಮಾಮನ ಮುಖ ಬೆವೆತಿತ್ತು. ಓವನ್ ಪಕ್ಕದಲ್ಲೇ ಇದ್ದದ್ದು ಒಳ್ಳೆಯದಾಯಿತು.

ಗಂಡ ಅವಳ ಕೈಯಿಂದ ಫೋನ್ ತೆಗೆದುಕೊಂಡು ಮೇಲೆ ಕೆಳಗೆ ಸರಿಸಿ ನೋಡಿದ. ಏನೂ ಇರಲಿಲ್ಲ. "ರೇಡಿಯೋಗೂ ನಾಚಿಕೆ ಬಂತಾ," ಎಂದು ನಕ್ಕು ಹಿಂದೆ ಕೊಟ್ಟ. ಹೊರಡುವಾಗ, ಅವನು ಬೇಡವೆಂದರೂ ಕೇಳದೆ ಮಾಮ ಅವನ ಕೈಗೊಂದು ಕೇಕಿನ ಡಬ್ಬ ತುರುಕಿದ. ಅದರ ದಾರಕ್ಕೆ ಮಾಮ ಒಂದರ ಮೇಲೊಂದು ಮೂರು ಗಂಟು ಹಾಕಿದ್ದನ್ನು ಅವಳೊಬ್ಬಳೇ ನೋಡಿದ್ದಳು.

ಆ ರಾತ್ರಿ ಅವಳು ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡುತ್ತೇನೆಂದು ಹೊರಟವಳು, ನಿಲ್ದಾಣದಲ್ಲಿ ಕಾದಿದ್ದ ಆಶ್ರಯಮನೆಯವರ ಜೊತೆ ಬಸ್ ಹತ್ತಿದಳು. ಬಸ್ ಊರು ದಾಟುವವರೆಗೂ ಹಿಂದೆ ಬಂದ ಒಂದೊಂದು ಸ್ಕೂಟರ್ ಸದ್ದಿಗೂ ಬೆಚ್ಚಿದಳು.

ಆಶ್ರಯಮನೆಯ ವಾರ್ಡನ್ ಮೊದಲು ಮಾಡಿದ ಕೆಲಸ ಫೋನಿನ ಹೆಸರು ಬದಲಿಸಿ, ಅದಕ್ಕೆ ಪ್ರೈವೇಟ್ ಡಿಎನ್ಎಸ್ ಹಾಕಿ, ಹೊಸ ನಂಬರು ಕೊಟ್ಟದ್ದು. ಇಷ್ಟರಿಂದಲೇ ಎಲ್ಲ ಮುಚ್ಚಿಹೋಗುವುದಿಲ್ಲ, ಆದರೆ ದಾರಿಯಲ್ಲಿ ನಿಂತವರಿಗೆಲ್ಲ ಕೇಳಿಸುವುದೂ ಇಲ್ಲ ಎಂದರು ಆಕೆ. ಕೆಲವು ದಿನ ಕಳೆದ ಮೇಲೆ, ವಾರ್ಡನ್ ಒಪ್ಪಿಗೆ ಪಡೆದು, ನಂಬರು ಕಾಣದ ಹಾಗೆ ಅವಳು ಬೇಕರಿಗೆ ಫೋನ್ ಮಾಡಿದಳು.

"ಅವರು ಬಂದಿದ್ರಾ ಮಾಮ?"

"ಬಂದಿದ್ದ. ಎಲ್ಲಿಗೆ ಹೋದ್ಲು, ನಿಮಗೆ ಗೊತ್ತಿಲ್ದೆ ಇರಲ್ಲ ಅಂತ ಕಾಲರ್ ಹಿಡ್ಕೊಂಡ. ರೇಡಿಯೋ ಕೆಟ್ಟಿದೆ ಅಂದೆ." ಹಿಂದೆ ಓವನ್ನಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. "ಗೋಡೆ ಮೇಲೆ ಬೋರ್ಡ್ ಹಾಕಿದೀನಿ ಜಿಪ್ಪಮ್ಮ. ವೈಫೈ ಹಾಕ್ಕೊಳ್ಳೋ ಮುಂಚೆ ಪ್ರೈವೇಟ್ ಡಿಎನ್ಎಸ್ ಹಾಕ್ಕೊಳ್ಳಿ, ಗೊತ್ತಾಗ್ದೆ ಇದ್ರೆ ಯಜಮಾನನ್ನ ಕೇಳಿ ಅಂತ. ಮೊದಲು ಕಂಡಕ್ಟರ್‌ಗೆ ಹಾಕಿಕೊಟ್ಟೆ. ಮಗಳು ಹೇಗಿದಾಳೆ?"

"ಶಾಲೆಗೆ ಸೇರಿಸಿದೀನಿ ಮಾಮ. ನಾವೀಗ ಇರೋದು..."

"ಬೇಡಮ್ಮ." ಮಾಮ ಅವಳ ಮಾತನ್ನು ತಟ್ಟನೆ ತಡೆದ. "ಆ ಮನೆ ಹೆಸರು ನೋಡಿದ್ದನ್ನೇ ಮರೆಯೋಕೆ ಒದ್ದಾಡ್ತಿದೀನಿ. ಊರು ಬೇರೆ ಹೇಳಬೇಡ. ನನ್ನ ಹೊಟ್ಟೆ ನನಗೆ ಗೊತ್ತು."