ಸಾಧಾರಣ ಮಳೆ

ಆ ಒಂದು ಪದ ಕೇಳಿದರೆ ಸುಗನ್ಯಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಸಾಧಾರಣ. ಹಿಂಗಾರಿನ ಮುನ್ಸೂಚನೆ ಹೇಳಲು ಬೆಟ್ಟದ ಮೇಲಿನ ಸೋಲೂರಿಗೆ ಬಂದ ಆಫೀಸರು ಮುರಳೀಧರನ್, ಈ ಸಲ ಕಡಲೋರದಲ್ಲಿ ಮಳೆ ಸಾಧಾರಣ ಎಂದು ಓದಿದ್ದೇ ತಡ, ಹಟ್ಟಿಯ ಗಂಡಸರೆಲ್ಲ ಟವಲು ಕೊಡವಿ ಎದ್ದರು. ಅವರ ಕಿವಿಗೆ ಅದು ಅಷ್ಟಕ್ಕಷ್ಟೆ ಎಂದು ಕೇಳಿಸಿತ್ತು. ನಾಲ್ಕು ಹನಿ ಉದುರಿಸಿ ಹೋಗುವ ಮಳೆ.

ಅರ್ಥ ಕೇಳಿದವಳು ಇವಳೊಬ್ಬಳೇ. "ಸಾದಾರಣ ಅಂದರೆ ಎಷ್ಟು ಸಾರ್?"

"ಪ್ರತಿ ವರ್ಷ ಎಷ್ಟು ಬರುತ್ತೋ ಅಷ್ಟೇ ಅಮ್ಮ. ಅದೂ ಕಡಲೋರದ ಲೆಕ್ಕ. ಬೆಟ್ಟದ ಲೆಕ್ಕ ಇದರಲ್ಲಿಲ್ಲ."

ಹೋದ ವರ್ಷದ್ದೂ ಅಂಥ ಮಳೆಯೇ. ಅದೇ ಅವಳ ಮನೆಯ ಹಿಂಗೋಡೆಯನ್ನು ಅತ್ತೆಯ ಮಂಚದ ಮೇಲೆ ಕೆಡವಿದ್ದು. ಅಂದಿನಿಂದ ಅತ್ತೆ ಎದ್ದು ನಡೆದಿಲ್ಲ. ಕಟ್ಟಿದ ಹೊಸ ಗೋಡೆಯ ಪಕ್ಕ ಮತ್ತೆ ಅದೇ ಮಂಚ, ಬೇರೆಡೆ ಜಾಗವಿಲ್ಲ. ಗಂಡ ಬೆಟ್ಟದಾಚೆಯ ವೆಲ್ಲಿಂಗ್ಟನ್ ಪಟ್ಟಣದಲ್ಲಿ ಕೆಲಸಕ್ಕಿದ್ದ.

ಹಟ್ಟಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡ ಒಂದೇ ಸಾಲು, ಹಿಂದೆ ಗುಡ್ಡ. ಹಿಂಗಾರಿಗೆ ಮುಂಚೆ ಸಾಲಿನುದ್ದಕ್ಕೂ ಬಸಿಗಾಲುವೆ ತೋಡಿ, ಗುಡ್ಡದ ನೀರನ್ನು ಕೊನೆಯ ಹಳ್ಳಕ್ಕೆ ಬಿಡುವುದು ಹಿರಿಯರ ಕಟ್ಟಳೆ. ಎಲ್ಲರೂ ಕೂಡಿ ತೋಡಬೇಕು. ಒಬ್ಬರೇ ತಮ್ಮ ಮನೆಯ ಹಿಂದಷ್ಟೇ ತೋಡಿದರೆ ನೀರೆಲ್ಲ ಪಕ್ಕದವರ ಗೋಡೆಗೆ. ಹೋದ ವರ್ಷ ನಾಳೆ, ನಾಡಿದ್ದು ಎಂದು ತಳ್ಳಿದರು. ಈ ವರ್ಷ ತಳ್ಳುವುದಕ್ಕೆ ಸರ್ಕಾರವೇ ಒಂದು ಪದ ಕೊಟ್ಟಿತು.

ಪಕ್ಕದ ಮನೆಯ ರಂಗನಾಥನ್ ಹಟ್ಟಿಯ ಗೌಡ, ಅವಳ ಮಾವನ ತಮ್ಮ. ಅವನಲ್ಲಿಗೆ ಹೋದಳು.

"ಆಫೀಸರೇ ಸಾದಾರಣ ಅಂದನಲ್ಲಮ್ಮ," ಎಂದ ಅವನು. "ಎಂಗ ಹುಡುಗರಿಗೆ ಟೀ ಲೀಫ್ ಕೀಳೋ ಕೆಲಸ ಇದೆ."

"ಅತ್ತೆ ಗೋಡೆ ಪಕ್ಕವೇ ಮಲಗಿದಾರೆ, ಮಾಮ."

"ಹೆತ್ತೆ ಇದಾಳೆ, ನೋಡ್ಕೊಳ್ತಾಳೆ."

ಹಟ್ಟಿಯ ದೇವಿ ಹೆತ್ತೆಯ ಕೈಗೂ ಗುದ್ದಲಿ ಕೊಟ್ಟು ತಾನು ಬಿಸಿಲು ಕಾಯುತ್ತಾ ಕೂತಿದ್ದ ಮುದುಕ.

ಮಾರನೆಯ ಬೆಳಿಗ್ಗೆ ಸೆರಗು ಬಿಗಿದು ಒಬ್ಬಳೇ ತೋಡಿದಳು. ತನ್ನ ಮನೆ ಮುಗಿದಲ್ಲಿಗೆ ಸರಿಯಾಗಿ ನಿಲ್ಲಿಸಿ, ಕಾಲುವೆಯ ಬಾಯಿಯನ್ನು ಗೌಡನ ಅಡುಗೆಮನೆಯ ಗೋಡೆಗೆ ತಿರುಗಿಸಿದಳು. ಗೌಡ ಕಾಫಿ ಲೋಟ ಹಿಡಿದು ಹೊರಬಂದ.

"ಇದೇನ ಮಾಡಿದೆ? ನೀರು ಎಲ್ಲಿಗೆ ಹೋಗುತ್ತೆ?"

"ನಿಂಗ ಗೋಡೆಗೆ, ಮಾಮ."

"ತಲೆ ಕೆಟ್ಟಿದೆಯಾ ನಿನಗೆ? ಗೋಡೆ ಬಿದ್ದರೆ?"

"ಏಕ ಬೀಳುತ್ತೆ? ಸಾದಾರಣ ಮಳೆ ತಾನೆ. ಹೆತ್ತೆ ಇದಾಳೆ."

ಗೌಡ ಗುಡ್ಡ ನೋಡಿದ, ಕಾಲುವೆ ನೋಡಿದ. ಲೋಟವನ್ನು ಕಲ್ಲಿನ ಮೇಲಿಟ್ಟು ಒಳಹೋಗಿ ಗುದ್ದಲಿ ತಂದ. ಅವನು ತನ್ನ ಪಾಲು ತೋಡಿದ ಮೇಲೆ ನೀರಿನ ಬಾಯಿ ಅದರಾಚೆಯ ಮಾದನ್ ಮನೆಗೆ ತಿರುಗಿತು, ಅವನೂ ಓಡಿಬಂದ. ಮಧ್ಯಾಹ್ನಕ್ಕೆ ಸಾಲಿಗೆ ಸಾಲೇ ಗುದ್ದಲಿ ಹಿಡಿದಿತ್ತು.

"ಸಾದಾರಣ ಅಂದರೆ ಪ್ರತಿ ವರ್ಷದಷ್ಟು ಕಣೋ," ಎಂದು ಗೌಡ ಎಲ್ಲರಿಗೂ ಪಾಠ ಹೇಳುತ್ತಿದ್ದ.

ಕೆಲಸವಾಯಿತು, ಸುಗನ್ಯಾಳ ಸಿಟ್ಟು ಮಾತ್ರ ಇಳಿಯಲಿಲ್ಲ. ಗೌಡನ ಗೋಡೆಗೆ ನೀರು ಬರುತ್ತದೆ ಎಂದಾಗ ಕಾಫಿ ಆರುವಷ್ಟರಲ್ಲಿ ಬಂದ ಗುದ್ದಲಿ, ಅವನ ಅತ್ತಿಗೆಯ ಮೇಲೆ ಗೋಡೆಯೇ ಬಿದ್ದಾಗಲೂ ಬಂದಿರಲಿಲ್ಲ. ಅದನ್ನು ಅವನ ಮುಖಕ್ಕೇ ಹೇಳಬೇಕೆಂದು ಹೊರಟವಳನ್ನು ಒಳಗಿನಿಂದ ಅತ್ತೆ ಕರೆದರು.

"ಎಲ್ಲರೂ ತೋಡ್ತಾ ಇದಾರಾ?"

"ಹೂಂ, ಅತ್ತೆ."

"ನಾನು ಇಲ್ಲಿ ಬಿದ್ದಿದೇನೆ ಅಂತ ಬಂದರಾ?"

ಮುದುಕಿಯ ಕಣ್ಣು ತುಂಬಿತ್ತು. ಸುಗನ್ಯಾ ಹಲ್ಲು ಕಚ್ಚಿದಳು.

"ಹೂಂ," ಎಂದಳು. "ನಿಂಗಗಾಗಿಯೇ."