ಮಾರ್ಚಿಗೆ ಹೋದ ಸುಂದರಬಾಯಿ

ಬಹಳ ಹಿಂದೆ ಒಬ್ಬ ಬಾದಶಹನ ಕೋಟೆಗೆ ಇಬ್ಬರು ಕಾವಲುಗಾರರಿದ್ದರಂತೆ. ಒಬ್ಬ ಬಂದವರ ಹೆಸರು ಮೊದಲು ಬರೆದು ಊರು ಆಮೇಲೆ ಬರೆಯುವವ. ಇನ್ನೊಬ್ಬ ಊರು ಮೊದಲು, ಹೆಸರು ಆಮೇಲೆ. ಒಂದು ದಿನ ಇಬ್ಬರ ವಹಿ ಅದಲುಬದಲಾಗಿ, ಹೆಸರನ್ನು ಊರೆಂದು ಓದಿದ್ದರಿಂದ ಒಬ್ಬ ಮುದುಕಿ ಬಾಗಿಲ ಹೊರಗೇ ಉಳಿದಳಂತೆ.

"ಆಮ್ಯಾಲ ದಾದಿ?"

"ಯಾರರ ಹೋಗಿ ಕರ್ಕೊಂಡು ಬರಬೇಕಲ್ಲ, ಬೇಟಾ" ಅನ್ನುತ್ತಿದ್ದಳು ದಾದಿ, ನನ್ನ ಅಪ್ಪನ ತಾಯಿ. ಕತೆ ಅಲ್ಲಿಗೇ ನಿಲ್ಲುತ್ತಿತ್ತು.

ಬೀದರಿನ ನಮ್ಮ ಟ್ರಸ್ಟ್ ದವಾಖಾನೆಯಲ್ಲಿ ನಾಯಿ ಕಡಿದವರ ಲೆಕ್ಕ ನನ್ನದು. ಭಾಲ್ಕಿ ಮತ್ತು ಔರಾದ ಶಾಖೆಗಳ ಪಟ್ಟಿ ದಿನಾ ನನ್ನ ಕಂಪ್ಯೂಟರಿಗೆ ಬಂದು ಸೇರುತ್ತದೆ. ಯಾರಿಗೆ ಇವತ್ತು ಸೂಜಿ ಎಂದು ಅದು ತೋರಿಸುತ್ತದೆ, ನಾನು ಫೋನ್ ಮಾಡುತ್ತೇನೆ.

ಜೂನ್ ಕೊನೆಗೆ ಔರಾದಿಗೆ ಹೊಸ ಕಂಪ್ಯೂಟರ್ ಬಂತು. ಅಂದಿನಿಂದ ಅಲ್ಲಿಯ ತಾರೀಖುಗಳನ್ನು ನನ್ನದು ಒಪ್ಪಲೇ ಇಲ್ಲ. 06/25 ಅಂತೆ! ಇಪ್ಪತ್ತೈದನೇ ತಿಂಗಳು ಎಲ್ಲಿದೆ? ನಗುತ್ತಾ ಒಂದೊಂದನ್ನೂ ಕೈಯಿಂದ ತಿದ್ದಿದೆ. ಯಾಕೆ ಹೀಗೆ ಎಂದು ಕೇಳಲಿಲ್ಲ. ಜುಲೈ ಬಂತು, ತಕರಾರು ತಾನಾಗಿಯೇ ನಿಂತಿತು. ನಾನು ಖುಷಿಯಾಗಿ ಚಹಾ ಕುಡಿದೆ.

ಎಂಟನೇ ತಾರೀಖು ಬೆಳಿಗ್ಗೆ ಔರಾದಿನಿಂದ ನರ್ಸ್ ಹಮೀದುನ್ನಿಸಾ ಫೋನ್ ಮಾಡಿದಳು.

"ಏ ಮುಸರ್ರತ, ಚಿಂತಾಕಿ ಹಳ್ಳಿ ಸುಂದರಬಾಯಿ ಎರಡನೇ ಸೂಜಿಗಿ ಬಂದೇ ಇಲ್ಲಲ್ಲ. ಫೋನ್ ಮಾಡಿಲ್ಲೇನು?"

"ಪಟ್ಟಿದಾಗ ಹೆಸರಽ ಬಂದಿಲ್ಲ, ಆಪಾ."

ಹುಡುಕಿದೆ. ಸುಂದರಬಾಯಿ ಹಳೆಯ ಕಡತದಲ್ಲಿದ್ದಳು. ನಾಯಿ ಕಡಿದು ಮೊದಲ ಸೂಜಿ ಹಾಕಿದ್ದು ಜುಲೈ ಮೂರಕ್ಕೆ; ಔರಾದಿನ ಕಂಪ್ಯೂಟರ್ ತಿಂಗಳನ್ನು ಮೊದಲು ಬರೆದಿತ್ತು: 07/03. ದಿನವನ್ನು ಮೊದಲು ಓದುವ ನನ್ನದು ಅದನ್ನು ಮಾರ್ಚ್ ಏಳು ಎಂದುಕೊಂಡು, ಎಂದೋ ಮುಗಿದ ಕೇಸು ಎಂದು ಒಳಗಿಟ್ಟಿತ್ತು. ಹನ್ನೆರಡರ ಒಳಗಿನ ಯಾವ ದಿನವೂ ತಿಂಗಳಾಗಿ ನಡೆದುಬಿಡುತ್ತದೆ. ತಕರಾರು ನಿಂತದ್ದು ಅದಕ್ಕೇ.

ಮೊದಲ ಸೂಜಿಯ ದಿನ ಹಮೀದುನ್ನಿಸಾ ಕೊಟ್ಟ ಫೋನಿನಲ್ಲಿ ಆಕೆಗೆ ಹೇಳಿದವಳು ನಾನೇ: "ದಿನ ಎಣಿಸಬ್ಯಾಡ್ರಿ ಅವ್ವಾ, ಕಂಪ್ಯೂಟರ್ ಹೇಳ್ತದ, ನಾನಽ ಕರೀತೇನಿ."

ಹಾಗೆ ಕಳೆದುಹೋದವರು ಔರಾದಿನ ಆರು ಮಂದಿ. ಐವರಿಗೆ ಫೋನ್ ಹತ್ತಿತು. ಸುಂದರಬಾಯಿಯದು ಬಂದ್.

"ಮೂರು ದಿನಕ್ಕ ಹಾಕಬೇಕಿತ್ತು, ಎರಡು ದಿನ ತಡ ಆಗ್ಯಾದ" ಎಂದಳು ಹಮೀದುನ್ನಿಸಾ. "ಇವತ್ತೇ ಹಾಕ್ರಿ ಅಂತಾರ ಡಾಕ್ಟರ್. ನಾನು ಒಬ್ಬಾಕೀನೇ ಇದ್ದೇನಿ, ಬಿಟ್ಟು ಬರಾಕ ಆಗಂಗಿಲ್ಲ."

ಔರಾದ ಬಸ್ಸು ಹತ್ತಿದೆ. ಸಂತಪುರದಲ್ಲಿ ಡ್ರೈವರ್ ಇಳಿದು ಬೀಡಿ ಹಚ್ಚಿದಾಗ ಅಳು ಬಂತು. ಹುಚ್ಚು ಹಿಡಿದ ನಾಯಿಯಾಗಿದ್ದರೆ? ಬಾಗಿಲ ಹೊರಗಿನ ಮುದುಕಿ ಕಣ್ಣೆದುರು ಬಂದಳು. ದಾದಿಯ ಕತೆಯಲ್ಲಿ ಆಕೆಗೆ ಮುಖವಿರಲಿಲ್ಲ.

ಔರಾದಿನಿಂದ ಆಟೋ ಮಾಡಿಕೊಂಡು ಚಿಂತಾಕಿಗೆ ಹೋದೆ. ಸುಂದರಬಾಯಿ ಸೋಯಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಕಾಲಿಗೆ ಪಟ್ಟಿ.

"ಫೋನ್ ಯಾಕ ಬಂದ್ ಮಾಡೀರಿ ಅವ್ವಾ?"

"ಚಾರ್ಜ್ ಹೋಗ್ಯಾದ. ನಿನ್ನೆ ಸಂಜಿ ತನ ಕೈಯಾಗಽ ಹಿಡ್ಕೊಂಡಿದ್ದೆ. ನೀನೇನು ಆ ಕರೀತೇನಿ ಅಂದಾಕಿ?"

ಸೆರಗಿನ ತುದಿ ನನ್ನ ಮುಂದೆ ಹಿಡಿದಳು. ಐದು ಗಂಟು. ಕಡಿದ ಮರುದಿನದಿಂದ ಬೆಳಗಾದರೆ ಒಂದು.

"ಮೂರನೇ ಗಂಟಿಗೇ ಹೊರಟಿದ್ದೆ. ಕಂಪ್ಯೂಟರಕ್ಕಿಂತ ನನ್ನ ಸೆರಗು ಶಾಣ್ಯಾ ಏನು ಅಂತ ಕುಂತೆ."

"ನಿಮ್ಮ ಸೆರಗಽ ಖರೆ ಅವ್ವಾ. ತಪ್ಪು ನಂದು. ಏಳ್ರಿ, ಆಟೋ ನಿಂತದ."

ದಾರಿಯುದ್ದಕ್ಕೂ ಬೈದಳು. "ನಾಯಿ ಒಂದಽ ಸಲ ಕಡೀತು. ನೀವು ನಾಕು ಸಲ ಚುಚ್ಚವರು, ಅದೂ ನೆನಪಿಟ್ಟು ಚುಚ್ಚಂಗಿಲ್ಲ!" ನನಗೆ ನಗು ಬರಲಿಲ್ಲ. ಆಕೆಯ ಕೈ ಬಿಡಲೂ ಇಲ್ಲ.

ಹಮೀದುನ್ನಿಸಾ ಸೂಜಿ ತುಂಬಿಟ್ಟು ಬಾಗಿಲಲ್ಲೇ ನಿಂತಿದ್ದಳು. ಸುಂದರಬಾಯಿ ಮುಖ ತಿರುಗಿಸಿ, ಸೆರಗಿನ ಗಂಟುಗಳನ್ನು ನನ್ನ ಮುಷ್ಟಿಗೆ ತುರುಕಿ, ತೋಳು ಚಾಚಿದಳು. ಸೂಜಿ ಒಳಗೆ ಹೋಯಿತು.