ಆರ್ಡಿತ್ ಏರಿದ ಅಲೆ

ಮರ್ನಾ ತನ್ನ ಅಂಗಡಿಯ ಗೋಡೆಗೆ ಆ ಫೋಟೋ ಅಂಟಿಸಿದ ಮೇಲೆ ಎಲ್ವಿನ್ ಜ್ಯೂವರ್ಸ್ ಅಲ್ಲಿ ಕಾಫಿ ಕುಡಿಯುವುದನ್ನು ಬಿಟ್ಟ.

ಹ್ಯಾಲಿಫ್ಯಾಕ್ಸ್ ಪಟ್ಟಣದಿಂದ ಬಂದ ಯಾರೋ ತೆಗೆದು ಕಳಿಸಿದ್ದ ಫೋಟೋ ಅದು. ಹಿಂದೆ ಹಿಮ ಬೀಳುತ್ತಿದೆ. ಆಳೆತ್ತರದ ಬೂದು ಅಲೆಯೊಂದು ಬಾಗಿ ಬರುತ್ತಿದೆ. ಅದರ ಮೇಲೆ ಎಲ್ವಿನ್‌ನ ಹೆಂಡತಿ ಆರ್ಡಿತ್, ಅಡುಗೆಮನೆಯಲ್ಲಿ ಏನೋ ಯೋಚಿಸುತ್ತ ನಿಂತವಳಂತೆ, ಕೈ ಇಳಿಬಿಟ್ಟು ಸರ್ಫ್ ಹಲಗೆಯ ಮೇಲೆ ನಿಂತಿದ್ದಾಳೆ. ಕೆಳಗಿನ ಮೂಲೆಯಲ್ಲಿ ನೊರೆಯ ನಡುವೆ ಗುಂಡಗೆ ಕಪ್ಪಗೆ ಏನೋ ಕಾಣುತ್ತದೆ.

"ಮೂಲೇಲಿ ಇರೋದೇನು, ಸೀಲ್ ಪ್ರಾಣಿನಾ?" ಎಂದು ಮೊದಲ ದಿನವೇ ಒಬ್ಬ ಕೇಳಿದ್ದ.

"ಸೀಲಲ್ಲ ಮಾರಾಯ, ನಮ್ಮ ಎಲ್ವಿನ್ ತಲೆ," ಎಂದ ಅವನ ಹಳೆಯ ಗೆಳೆಯ ಹಾಲಿಸ್.

"ಸೀಲ್ ಆಗಿದ್ರೆ ಇನ್ನೂ ಸ್ವಲ್ಪ ಲಕ್ಷಣವಾಗಿರ್ತಿತ್ತು," ಎಂದಳು ಮರ್ನಾ, ಕಾಫಿ ಬಗ್ಗಿಸುತ್ತ.

ಎಲ್ಲರೂ ನಕ್ಕರು. ಎಲ್ವಿನ್ನೂ ನಕ್ಕ. ಆದರೆ ಲೋಟ ಅರ್ಧಕ್ಕೇ ಇಟ್ಟು ಹೊರಗೆ ಬಂದು ಟ್ರಕ್ಕು ಹತ್ತಿದ.

ಆ ಕರಾವಳಿಯಲ್ಲಿ ಅಲೆ ಏರುವುದೆಂದರೆ ಒಂದು ಕಾಲಕ್ಕೆ ಎಲ್ವಿನ್ ಎಂದೇ ಅರ್ಥ. ವಸಂತದಲ್ಲಿ ಲಾಬ್‌ಸ್ಟರ್ ಹಿಡಿಯುವವನು ಅವನು. ಚಳಿಗಾಲದಲ್ಲಿ ದೋಣಿ ದಡ ಸೇರಿದ ಮೇಲೆ ಕೈಗೆ ಕೆಲಸವಿರುತ್ತಿರಲಿಲ್ಲ, ಒಳ್ಳೆಯ ಅಲೆಗಳು ಬರುವುದೂ ಆಗಲೇ. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನೂ ಹಾಲಿಸನೂ ಹಳದಿ ಹಿಡಿದ ಒಂದೇ ಹಲಗೆಯನ್ನು ಸರದಿಯ ಮೇಲೆ ಹೊತ್ತುಕೊಂಡು, ರಸ್ತೆ ಮುಗಿದ ಮೇಲೂ ಸ್ಪ್ರೂಸ್ ಮರಗಳ ಕಾಡಿನ ನಡುವೆ ನಡೆದು ಹೇಗರ್ ಕೊಲ್ಲಿ ಸೇರುತ್ತಿದ್ದರು. ಅಲ್ಲಿ ಮನೆಯಿಲ್ಲ, ದೀಪವಿಲ್ಲ, ಫೋನು ಹತ್ತುವುದಿಲ್ಲ. ದುಂಡುಕಲ್ಲಿನ ದಂಡೆ, ಒಂದು ಬದಿಗೆ ಸಮುದ್ರಕ್ಕೆ ಚಾಚಿದ ಬಂಡೆಗಳ ಮೂಗು, ಇನ್ನೊಂದು ಬದಿಗೆ ಹೊಳೆ ಸಮುದ್ರ ಸೇರುವ ಬಾಯಿ, ಅಷ್ಟೇ. "ಈ ನೀರಿಗೆ ಬಿದ್ದೋರನ್ನ ಎತ್ತೋದ್ರಲ್ಲೇ ನಮ್ಮ ಆಯಸ್ಸು ಮುಗೀತು, ನೀವು ಬೇಕಂತ್ಲೇ ಬೀಳ್ತೀರಲ್ಲೋ," ಎಂದು ಎಲ್ವಿನ್‌ನ ಅಪ್ಪ ಬೈದಿದ್ದ. ಆಮೇಲೆ ದಪ್ಪ ರಬ್ಬರ್ ಸೂಟು ಬಂತು, ಕೈಗವಸು ಬಂತು, ದಂಡೆಯವರೆಗೂ ರಸ್ತೆ ಬಂತು, ಪಟ್ಟಣದವರು ಬರತೊಡಗಿದರು. ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಎಲ್ವಿನ್‌ನನ್ನೇ.

ಆರ್ಡಿತ್ ಶಾಲೆಯ ಬಸ್ಸು ಓಡಿಸುತ್ತಾಳೆ. ಮಕ್ಕಳು ಸಣ್ಣವರಿದ್ದಾಗ ಚಳಿಗಾಲದುದ್ದಕ್ಕೂ ಅವಳು ದಂಡೆಯ ಮೇಲೆ ಕಾರಿನಲ್ಲಿ ಮಕ್ಕಳನ್ನು ಹಿಡಿದುಕೊಂಡು ಕೂತು, ಗಂಡನ ತಲೆ ನೀರಿನಿಂದ ಮೇಲೆ ಬರುವುದನ್ನು ಕಾಯುತ್ತಿದ್ದಳು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಬೇರೆ ಮನೆ ಮಾಡಿದ ವರ್ಷ ಒಂದು ಬೆಳಿಗ್ಗೆ, "ನನಗೂ ಕಲಿಸು," ಎಂದಳು. ಎಲ್ವಿನ್ ಖುಷಿಯಿಂದಲೇ ಕಲಿಸಿದ. ಎದೆಮಟ್ಟದ ನೀರಿನಲ್ಲಿ ಹಿಂದೆ ನಿಂತು ಹಲಗೆ ತಳ್ಳಿದ. ಅವಳು ಬಿದ್ದಾಗಲೆಲ್ಲ ಎತ್ತಿ ಹಿಡಿದ. ಅಷ್ಟು ಸುಖವಾಗಿ ಅವರಿಬ್ಬರೂ ಮದುವೆಯಾದ ಹೊಸದರಲ್ಲೂ ನಕ್ಕಿರಲಿಲ್ಲ.

ಆದರೆ ಅವಳು ಬೀಳುವುದು ಬಹಳ ಬೇಗ ನಿಂತುಹೋಯಿತು. ಎಲ್ವಿನ್ ಅಲೆಯ ಜೊತೆ ಜಗಳಕ್ಕೆ ಹೋಗುವವನು, ತೋಳಿನ ಬಲದವನು. ಅವಳಿಗೆ ಆ ಅವಸರವೇ ಇರಲಿಲ್ಲ. ಬಸ್‌ ಸ್ಟಾಪಿನಲ್ಲಿ ಮಕ್ಕಳನ್ನು ಕಾಯುವ ಹಾಗೆ ಕಾಯುತ್ತಿದ್ದಳು. ಬೇಕಾದ ಅಲೆ ಬಂದಾಗ ನೀರಿಗೆ ಎರಡೇ ಸಲ ಕೈ ಹಾಕಿ, ಹಲಗೆ ಮುಂದೆ ತಳ್ಳಿ, ಎದ್ದು ನಿಂತುಬಿಡುತ್ತಿದ್ದಳು. ನಾಲ್ಕನೆಯ ಚಳಿಗಾಲ ಬರುವಷ್ಟರಲ್ಲಿ ಪಟ್ಟಣದವರು ಮರ್ನಾಳ ಅಂಗಡಿಗೆ ಬಂದು, "ಆರ್ಡಿತ್ ಇವತ್ತು ನೀರಿಗಿಳೀತಾರಾ?" ಎಂದು ಕೇಳತೊಡಗಿದರು.

ಎಲ್ಲರೆದುರು ಎಲ್ವಿನ್ ಅವಳನ್ನು ಹೊಗಳುತ್ತಿದ್ದ. ನೀರಿನಲ್ಲಿ ಮಾತ್ರ ಸುಮ್ಮನಿರಲಾಗುತ್ತಿರಲಿಲ್ಲ. "ಕಾಲು ಇನ್ನೂ ಹಿಂದಿಡು," ಎನ್ನುವನು. "ಆ ಅಲೆ ನಿನಗಲ್ಲ, ಬಿಡು," ಎನ್ನುವನು. ಅವಳು ಬಿಟ್ಟದ್ದನ್ನು ತಾನೇ ಏರುವನು. ಅವಳು "ಆಯ್ತು" ಎಂದು ತಲೆಯಾಡಿಸಿ ತನ್ನ ಪಾಡಿಗೆ ತಾನು ಮಾಡುತ್ತಿದ್ದಳು. ಒಮ್ಮೆ ಅವಳು ತಲೆಕೆಳಗಾಗಿ ಬಿದ್ದಾಗ ತನ್ನ ಮುಖದಲ್ಲಿ ನಗು ಮೂಡಿದ್ದು ಅವನಿಗೇ ತಿಳಿಯಿತು. ನಾಚಿಕೆಯಾಯಿತು. ಮುಂದಿನ ಸಲ ಅವಳು ಬಿದ್ದಾಗಲೂ ಅದೇ ನಗು ಬಂತು.

ಫೆಬ್ರವರಿಯಲ್ಲಿ ಎರಡು ದಿನ ಬಿರುಗಾಳಿ ಬೀಸಿತು. ಮೂರನೆಯ ಬೆಳಿಗ್ಗೆ ರಸ್ತೆಯೆಲ್ಲ ಗಾಜಿನಂತೆ ಹೆಪ್ಪುಗಟ್ಟಿ ಶಾಲೆಗೆ ರಜೆ ಕೊಟ್ಟರು. ಎಲ್ವಿನ್ ಕತ್ತಲು ಹರಿಯುವ ಮೊದಲೇ ಎದ್ದು ಅಂಗಳಕ್ಕೆ ಬಂದ. ಗಾಳಿ ತಿರುಗಿ ವಾಯವ್ಯದಿಂದ ಬರುತ್ತಿತ್ತು. ದಡದಿಂದ ಸಮುದ್ರದ ಕಡೆಗೆ ಬೀಸುವ, ಅಲೆಗಳನ್ನು ಬಾಚಿ ನೇರ ಮಾಡುವ ಗಾಳಿ. ಎರಡು ದಿನದ ಬಿರುಗಾಳಿಯ ಮೇಲೆ ಈ ಗಾಳಿ ಎಂದರೆ ಹೇಗರ್ ಕೊಲ್ಲಿಯಲ್ಲಿ ಏನಿರುತ್ತದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಹಾಲಿಸ್ ಇಡೀ ದಿನ ರಸ್ತೆಯ ಹಿಮ ತಳ್ಳುವ ಗಾಡಿಯ ಮೇಲಿರುತ್ತಾನೆ. ಪಟ್ಟಣದವರು ಈ ರಸ್ತೆಯಲ್ಲಿ ಬರಲಾರರು.

ಒಳಗೆ ಬಂದಾಗ ಆರ್ಡಿತ್ ಮಂಚದಲ್ಲೇ ಒರಗಿಕೊಂಡು, "ಹೇಗಿದೆ?" ಎಂದಳು.

"ಇನ್ನೂ ತೆಂಕಣ ಗಾಳಿನೇ. ಅಲೆಯೆಲ್ಲ ಕದಡಿ ಗಂಜಿಯಾಗಿದೆ."

"ಸುದ್ದೀಲಿ ತಿರುಗುತ್ತೆ ಅಂದಿದ್ರಲ್ಲ."

"ಅವರಿಗೇನ್ ಗೊತ್ತು. ನೀನು ಮಲ್ಕೋ, ಅಪರೂಪಕ್ಕೆ ರಜೆ ಸಿಕ್ಕಿದೆ. ನಾನು ದೋಣಿ ಮೇಲಿನ ಹೊದಿಕೆ ಹಾರಿದೆಯೇನೋ ನೋಡ್ಕೊಂಡು ಬರ್ತೀನಿ."

ಅವಳು ಹೊದಿಕೆ ಎಳೆದುಕೊಂಡಳು. ಎಲ್ವಿನ್ ಹಲಗೆಯನ್ನು ಸದ್ದಾಗದಂತೆ ಟ್ರಕ್ಕಿಗೇರಿಸಿದ.

ಕೊಲ್ಲಿಯಲ್ಲಿ ಅವನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇತ್ತು. ಬಂಡೆಗಳ ಮೂಗಿನಲ್ಲಿ ಎದ್ದ ಅಲೆ ಒಡೆಯದೆ, ಸುರುಳಿ ಬಿಚ್ಚುತ್ತ ಬಿಚ್ಚುತ್ತ, ಹೊಳೆಯ ಬಾಯಿಯವರೆಗೂ ಬರುತ್ತಿತ್ತು. ಎಲ್ವಿನ್ ರಬ್ಬರ್ ಸೂಟು ತೊಟ್ಟು, ಟ್ರಕ್ಕಿಗೆ ಬೀಗ ಹಾಕಿ, ಕೀಲಿಯನ್ನು ಚಕ್ರದ ಮೇಲೆ ಬಚ್ಚಿಟ್ಟು ನೀರಿಗಿಳಿದ. ಮೊದಲ ಅಲೆಯ ಅಡಿಯಲ್ಲಿ ಮುಳುಗಿದಾಗ ಹಣೆಗೆ ಸುತ್ತಿಗೆಯಲ್ಲಿ ಹೊಡೆದಂಥ ಚಳಿ. ಅದು ಅವನಿಗೆ ಹೊಸದಲ್ಲ.

ಮೂರನೆಯದೋ ನಾಲ್ಕನೆಯದೋ ಅಲೆ ಅವನ ಬದುಕಿನ ಅಲೆ. ಎದ್ದು ನಿಂತ ಕ್ಷಣದಿಂದಲೇ ಗೊತ್ತಾಯಿತು. ಜಗಳವಿಲ್ಲ, ಅವಸರವಿಲ್ಲ, ಕಾಲ ಕೆಳಗೆ ಹಲಗೆಯಿದೆಯೆಂಬುದೂ ಮರೆತಿತ್ತು. ಬಂಡೆಯಿಂದ ಹೊಳೆಯ ಬಾಯಿಯವರೆಗೆ, ಇಡೀ ಕೊಲ್ಲಿಯ ಉದ್ದಕ್ಕೆ, ಅವನು ಒಂದೇ ಅಲೆಯ ಮೇಲೆ ಬಂದ. ಅಷ್ಟು ದೂರ ಅಲ್ಲಿ ಯಾರೂ ಬಂದದ್ದಿಲ್ಲ. ಕೊನೆಗೆ ಮೊಣಕಾಲುದ್ದದ ನೀರಿನಲ್ಲಿ ಇಳಿದು, ಎರಡೂ ಕೈ ಮೇಲೆತ್ತಿ, ದಂಡೆಯ ಕಡೆ ತಿರುಗಿದ.

ದಂಡೆಯ ಮೇಲೆ ಕಲ್ಲುಗಳಿದ್ದವು. ಒಂದು ಕಾಗೆಯಿತ್ತು.

ಎಲ್ವಿನ್ ಕೈ ಇಳಿಸಿದ. ಇದನ್ನು ಯಾರಿಗೂ ಹೇಳುವಂತಿಲ್ಲ ಎನ್ನುವುದು ಆಗ ಹೊಳೆಯಿತು. ಆರ್ಡಿತ್‌ಳ ಲೆಕ್ಕದಲ್ಲಿ ಅವನು ದೋಣಿ ನೋಡಲು ಹೋಗಿದ್ದಾನೆ.

ಅಲ್ಲಿಗೇ ಮುಗಿಸಿ ಮನೆಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವನಿಗೆ ಒಂಥರಾ ಸಿಟ್ಟು ಬಂದಿತ್ತು. ಮತ್ತೆ ಬಂಡೆಯ ಹತ್ತಿರ ಹೋಗಿ, ತೀರ ಅದಕ್ಕೆ ಒತ್ತಿಕೊಂಡೇ ಕೂತು, ದೊಡ್ಡ ಅಲೆಯೊಂದಕ್ಕೆ ತಡವಾಗಿ ಕೈ ಹಾಕಿದ. ಅಲೆ ಅವನನ್ನು ತಲೆಕೆಳಗು ಮಾಡಿ ತಳಕ್ಕೆ ಒತ್ತಿ ಹಿಡಿಯಿತು. ಹಲಗೆಗೂ ಕಾಲಿಗೂ ಕಟ್ಟಿದ ಹಗ್ಗ ಪಟ್ಟನೆ ಹರಿಯಿತು. ಮೇಲೆ ಬಂದಾಗ ಹಲಗೆ ಬಂಡೆಗೆ ಬಡಿದು ಎರಡಾಗಿ ಹೋಗುತ್ತಿತ್ತು, ಒಂದು ಕೈಯ ಗವಸೂ ಕಳಚಿ ಹೋಗಿತ್ತು. ಸೆಳೆತಕ್ಕೆ ಎದುರು ಈಜದೆ ಅಡ್ಡಕ್ಕೆ ಈಜಿ, ನಿಂತು, ಮತ್ತೆ ಈಜಿ, ಅಂತೂ ಕಲ್ಲುಗಳ ಮೇಲೆ ತೆವಳಿಕೊಂಡು ಬಂದ. ಟ್ರಕ್ಕಿನ ಹತ್ತಿರ ಬಂದು ಕೀಲಿಗೆ ಕೈ ಹಾಕಿದರೆ ಬೆರಳುಗಳು ಮರದ ತುಂಡುಗಳಾಗಿದ್ದವು. ಕೀಲಿ ಜಾರಿ ಹಿಮದೊಳಗೆ ಬಿತ್ತು. ಮಂಡಿಯೂರಿ ಹುಡುಕಿದ. ಬೆರಳಿಗೆ ತಾಗಿದ್ದು ಕಲ್ಲೋ ಕೀಲಿಯೋ ತಿಳಿಯುತ್ತಿರಲಿಲ್ಲ.

ಆರ್ಡಿತ್‌ಳ ಕಾರು ಬಂದಾಗ ಅವನು ಹಾಗೆಯೇ ಮಂಡಿಯೂರಿಕೊಂಡಿದ್ದ.

ಅವಳು ಮನೆಯಲ್ಲೇ ರಬ್ಬರ್ ಸೂಟು ಹಾಕಿಕೊಂಡು ಬಂದಿದ್ದಳು. ಹಕ್ಕಿಗಳಿಗೆ ಕಾಳು ಹಾಕಲು ಅಂಗಳಕ್ಕಿಳಿದವಳಿಗೆ ಪಕ್ಕದ ಮನೆಯ ಚಿಮಣಿ ಹೊಗೆ ಸಮುದ್ರದ ಕಡೆ ವಾಲಿದ್ದು ಕಂಡಿತ್ತು. ಆಮೇಲೆ ದೋಣಿಕಟ್ಟೆಯ ದಾರಿಯಲ್ಲಿ ಟ್ರಕ್ಕಿನ ಚಕ್ರದ ಗುರುತೇ ಇರಲಿಲ್ಲ. ಈಗ ಅವಳು ಗಂಡನ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಕಾರಿನೊಳಗೆ ತಳ್ಳಿದಳು. ತನಗೆಂದು ಕ್ಯಾನಿನಲ್ಲಿ ತಂದಿದ್ದ ಬೆಚ್ಚನೆ ನೀರಿನಲ್ಲಿ ಅವನ ಕೈಗಳನ್ನು ಇಳಿಸಿದಳು.

"ಬೆರಳು ಅಲ್ಲಾಡಿಸು. ನೋವು ಬರ್ತಿದೆಯಾ?"

"ಬರ್ತಿದೆ."

"ಬರ್ಲಿ."

ಅವನ ಹಲ್ಲು ಕಟಕಟಿಸುವುದು ನಿಲ್ಲುವವರೆಗೂ, ಫ್ಲಾಸ್ಕಿನಿಂದ ಬಗ್ಗಿಸಿಕೊಟ್ಟ ಚಹಾ ಲೋಟವನ್ನು ಚೆಲ್ಲದೆ ಹಿಡಿಯುವವರೆಗೂ ಅವಳು ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಕೇಳಿದಳು:

"ದೋಣಿ ಹೇಗಿತ್ತು?"

ಅವಳು ಬಾಗಿಲು ತೆರೆದು ತನ್ನ ಹಲಗೆ ಇಳಿಸಿದಳು. "ಹೀಟರ್ ಆರಿಸ್ಬೇಡ."

"ಆರ್ಡಿ, ಒಬ್ಬಳೇ ಹೋಗ್ಬೇಡ. ಸೆಳೆತ ಜೋರಿದೆ."

"ಒಬ್ಬನೇ ಹೋಗಿದ್ದು ನೀನು. ನನ್ನನ್ನ ನೋಡೋಕೆ ನೀನಿದ್ದೀಯಲ್ಲ."

ಅವಳು ಹೋದಳು. ಎಲ್ವಿನ್ ನೋಡಿದ. ನೋಡದೆ ಬೇರೆ ದಾರಿಯಿರಲಿಲ್ಲ. ಅವಳು ಬಂಡೆಯ ಆಚೆ ಬಹಳ ಹೊತ್ತು ಕಾದಳು. ಮೂರು ಅಲೆಗಳನ್ನು, ಎಲ್ವಿನ್ ಆಗಿದ್ದರೆ ಖಂಡಿತ ಬಿಡದಂಥವನ್ನು, ಹೋಗಲು ಬಿಟ್ಟಳು. ನಾಲ್ಕನೆಯದಕ್ಕೆ ಎರಡು ಸಲ ಕೈ ಹಾಕಿದಳು. 'ಬೀಳಲಿ' ಎಂದಿತು ಅವನ ಮನಸ್ಸು, ಅಷ್ಟು ಸ್ಪಷ್ಟವಾಗಿ, ಯಾರೋ ಪಕ್ಕದಲ್ಲಿ ಕೂತು ಹೇಳಿದಂತೆ. ಅದೇ ಹೊತ್ತಿಗೆ ಅಲೆಯ ತುಟಿ ಮಡಚಿ ಅವಳ ಮೇಲೆ ಮುಚ್ಚಿಕೊಂಡಿತು. ನೊರೆ ಬಿಟ್ಟರೆ ಏನೂ ಕಾಣಲಿಲ್ಲ.

ಎಲ್ವಿನ್ ಲೋಟ ಬೀಳಿಸಿ, ಮೊಣಕೈಯಿಂದ ಬಾಗಿಲು ತಳ್ಳಿ, ಹಿಮದಲ್ಲಿ ಓಡಿದ. ಅವನ ಬಾಯಲ್ಲಿ ಅವಳ ಹೆಸರಿತ್ತು. ನೀರಿನ ಅಂಚಿಗೆ ಬರುವಷ್ಟರಲ್ಲಿ ಆ ಸುರುಳಿಯ ಒಳಗಿನಿಂದ, ಗುಹೆಯಿಂದ ಹೊರಗೆ ಬರುವವಳಂತೆ, ಆರ್ಡಿತ್ ಬಂದಳು. ಹಾಗೇ ನಿಂತಿದ್ದಳು, ಕೈ ಇಳಿಬಿಟ್ಟುಕೊಂಡು. ಅವನು ಕಲ್ಲಿನ ಮೇಲೆ ಕೂತುಬಿಟ್ಟ. ದೇವರೇ, ಬದುಕಿದಳು ಎನಿಸಿತು. ಆ ನಿಟ್ಟುಸಿರು ಮುಗಿಯುವ ಮೊದಲೇ ಇನ್ನೊಂದು ಯೋಚನೆ ಬಂತು. ಸುರುಳಿಯ ಒಳಗೆ ಹೋಗಿ ಹೊರಗೆ ಬರುವುದು ಅವನಿಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ.

ಮನೆಯಲ್ಲಿ ಆರ್ಡಿತ್ ಮೀನಿನ ಸಾರು ಬಿಸಿ ಮಾಡಿ ಇಬ್ಬರಿಗೂ ಬಡಿಸಿದಳು. ಎಲ್ವಿನ್ ಚಮಚ ಹಿಡಿಯಲು ಹೆಣಗುತ್ತ, ತಲೆಯೆತ್ತದೆ ಹೇಳಿದ:

"ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು, ಆರ್ಡಿ."

"ಗೊತ್ತು."

"ಹೇಗೆ?"

"ನಾನು ಬಿದ್ದಾಗ್ಲೆಲ್ಲ ಬಹಳ ಪ್ರೀತಿಯಿಂದ ಮಾತಾಡಿಸ್ತೀಯ."

ಅವನು ಚಮಚ ಕೆಳಗಿಟ್ಟ. ಅವಳು ರೊಟ್ಟಿ ಮುರಿಯುತ್ತ ಹೇಳಿದಳು, "ಹೊಟ್ಟೆಕಿಚ್ಚು ಪಡು, ನಾನೇನೂ ಅನ್ನಲ್ಲ. ಮಕ್ಕಳನ್ನ ಹಿಡ್ಕೊಂಡು ಕಾರಲ್ಲಿ ಕೂತು ನಾನೆಷ್ಟು ಪಟ್ಟಿದೀನಿ ನಿನಗೇನು ಗೊತ್ತು. ಇವತ್ತು ಒಂದು ಬೆಳಿಗ್ಗೆ ಕೂತ್ಕೊಂಡೆಯಲ್ಲ, ಹಾಗೆ. ಆದ್ರೆ ಗಾಳಿ ವಿಷಯದಲ್ಲಿ ಸುಳ್ಳು ಹೇಳಿದೆ ನೋಡು. ಅದು ಬೇರೆ. ಇನ್ನು ಮೇಲೆ ನೀನು ಮಳೆ ಬರ್ತಿದೆ ಅಂದ್ರೂ ನಾನು ಹೊರಗೆ ಕೈ ಚಾಚಿ ನೋಡ್ಬೇಕು."

"ಇನ್ನು ಹೇಳಲ್ಲ."

"ಹೇಳಲ್ಲ ಅಂತೀಯ. ನೋಡೋಣ."

ಹೇಳಿದಂತೆಯೇ ಮಾಡಿದಳು. ಆ ಚಳಿಗಾಲ ಮುಗಿಯುವವರೆಗೂ ಪ್ರತಿ ಬೆಳಿಗ್ಗೆ ಅವಳೇ ಎದ್ದು ಅಂಗಳಕ್ಕೆ ಹೋಗಿ ಗಾಳಿ ನೋಡಿ ಬರುತ್ತಿದ್ದಳು. ಅವನು "ಬಡಗಣ" ಎಂದರೂ ಹೋಗಿ ನೋಡುತ್ತಿದ್ದಳು. ಬೈಗುಳಕ್ಕಿಂತ ಅದು ಅವನಿಗೆ ಹೆಚ್ಚು ಚುಚ್ಚಿತು.

ಬೆರಳುಗಳ ತುದಿಯ ಚರ್ಮ ಸುಲಿದು ಹೊಸದು ಬಂದ ಮೇಲೆ ಎಲ್ವಿನ್ ಹಾಲಿಸ್‌ನಿಂದ ಒಂದು ಹಲಗೆ ಎರವಲು ಪಡೆದ. ಭಾರದ ಹಲಗೆ, ತುಕ್ಕುಹಿಡಿದ ಬಾಗಿಲಿನಂತೆ ನಿಧಾನವಾಗಿ ತಿರುಗುತ್ತಿತ್ತು. ಮಾರ್ಚಿನ ಒಂದು ಮಧ್ಯಾಹ್ನ ಮೂವರೂ ಬಂಡೆಯ ಆಚೆ ಕೂತು ಅಲೆ ಕಾಯುತ್ತಿದ್ದಾಗ ಹಾಲಿಸ್ ಕೇಳಿದ:

"ಆವತ್ತು, ನಾನು ಹಿಮ ತಳ್ತಾ ಸಾಯ್ತಿದ್ದೆನಲ್ಲ, ಬಿರುಗಾಳಿ ಮಾರನೇ ದಿನ. ಇಲ್ಲಿ ಹೇಗಿತ್ರೋ?"

ಎಲ್ವಿನ್ ಆರ್ಡಿತ್‌ಳ ಕಡೆ ನೋಡಿದ. ಅವನು ನಾಲಿಗೆ ತೊಡರಿಸಿಕೊಂಡೇ ಹೇಳಿದ: ಅವಳು ಯಾವ ಅಲೆ ಬಿಟ್ಟಳು, ಯಾವುದನ್ನು ಹಿಡಿದಳು, ಹೇಗೆ ಸುರುಳಿಯೊಳಗೆ ಮರೆಯಾಗಿ ಹೇಗೆ ಹೊರಗೆ ಬಂದಳು. ಒಂದನ್ನೂ ಬಿಡದೆ, ಒಂದನ್ನೂ ಚಿಕ್ಕದು ಮಾಡದೆ ಹೇಳಿದ. ಹೇಳುತ್ತಿದ್ದಷ್ಟು ಹೊತ್ತೂ ಒಳಗೆ ಉರಿಯುತ್ತಿತ್ತು.

"ಮತ್ತೆ ನೀನು?" ಎಂದ ಹಾಲಿಸ್.

"ನಾನು ಹಲಗೆ ಮುರ್ಕೊಂಡೆ. ಅದಕ್ಕೆ ಮುಂಚೆ ಒಂದು ಸಿಕ್ತು. ಇಲ್ಲಿಂದ ಹೊಳೆ ಬಾಯಿವರೆಗೆ."

ಆರ್ಡಿತ್ ತಟ್ಟನೆ ತಿರುಗಿದಳು. "ಎಲ್ಲಿವರೆಗೆ?"

"ಹೊಳೆ ಬಾಯಿವರೆಗೆ."

"ಒಂದೇ ಅಲೇಲಾ?"

"ಒಂದೇ ಅಲೇಲಿ."

"ಯಾರು ನೋಡಿದ್ರು?"

"ಯಾರೂ ಇಲ್ಲ. ನಾನು ದೋಣಿ ನೋಡೋಕೆ ಹೋಗಿದ್ದೆನಲ್ಲ."

ಹಾಲಿಸ್ ಇದೇನೂ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿದ. ಆರ್ಡಿತ್ ಹೊಳೆಯ ಬಾಯಿಯ ಕಡೆ, ಅದು ಎಷ್ಟು ದೂರವಿದೆಯೆಂದು ಅಳೆಯುವವಳಂತೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ನಂಬಿದಳೋ ಇಲ್ಲವೋ ಎಲ್ವಿನ್‌ಗೆ ತಿಳಿಯಲಿಲ್ಲ. ಆದರೆ ಅವಳ ದವಡೆ ಬಿಗಿದಿತ್ತು, ಆ ಉರಿ ಅವನಿಗೆ ಗುರುತಿನದೇ. ಹಿಂದೆ ಒಂದು ಅಲೆ ಏಳುತ್ತಿತ್ತು, ಅಂಥ ದೊಡ್ಡದೇನಲ್ಲ, ಬೇರೆ ದಿನವಾಗಿದ್ದರೆ ಅವಳು ಹೋಗಲು ಬಿಡುತ್ತಿದ್ದಳು. ಇವತ್ತು ಅವಳು ಮೊಟ್ಟಮೊದಲ ಸಲ ಅವಸರದಿಂದ ತಿರುಗಿ, ಬಡಬಡನೆ ನೀರಿಗೆ ಕೈ ಹಾಕತೊಡಗಿದಳು.